ಲೋಕಲ್‌ನಲ್ಲಿ ಲೆಕ್ಕ, ರಾತ್ರಿ ಲ್ಯಾಬ್: ಮುಂಬೈಯಲ್ಲಿ ಕೆಲಸ ಮಾಡುತ್ತಾ ಸಿಸಿಎನ್‌ಎ ಬರೆಯುವುದು ಹೇಗೆ?

ಡೊಂಬಿವಲಿಯಿಂದ ಠಾಣೆಗೆ ಸ್ಲೋ ಲೋಕಲ್‌ನಲ್ಲಿ ಹೆಚ್ಚು ಕಡಿಮೆ ಅರ್ಧ ಗಂಟೆ. ನಾನು ಸಬ್‌ನೆಟ್ಟಿಂಗ್ (ದೊಡ್ಡ ನೆಟ್‌ವರ್ಕನ್ನು ಸಣ್ಣ ತುಂಡುಗಳಾಗಿ ಹಂಚುವ ಲೆಕ್ಕ) ಕಲಿತದ್ದು ಆ ಅರ್ಧ ಗಂಟೆಯಲ್ಲಿ, ನಿಂತುಕೊಂಡೇ. ಕೋಪರ್ ದಾಟುವಷ್ಟರಲ್ಲಿ ಒಂದು ಲೆಕ್ಕ. ದಿವಾದಲ್ಲಿ ಜನ ನುಗ್ಗುವಾಗ ವಿರಾಮ. ಮುಂಬ್ರಾ ದಾಟಿದ ಮೇಲೆ ಇನ್ನೊಂದು. ಕಾಗದ ಹಿಡಿಯಲು ಕೈಗೆ ಜಾಗ ಇರುತ್ತಿರಲಿಲ್ಲ. ಹಾಗಾಗಿ ಎಲ್ಲವನ್ನೂ ತಲೆಯಲ್ಲೇ ಮಾಡಬೇಕಾಯಿತು. ಸಿಸಿಎನ್‌ಎ ಎಂಬ ನೆಟ್‌ವರ್ಕಿಂಗ್ ಪರೀಕ್ಷೆಯ ದಿನ ಅದೇ ಕೈ ಹಿಡಿಯಿತು.

ನಾನು ಓದಿದ್ದು ಕನ್ನಡ ಮಾಧ್ಯಮದ ರಾತ್ರಿ ಶಾಲೆಯಲ್ಲಿ. ಹಗಲು ಹೋಟೆಲ್ ಗಲ್ಲಾದ ಹತ್ತಿರ ಕೆಲಸ, ಸಂಜೆಯ ನಂತರ ಕ್ಲಾಸು. ಈ ಊರಿನ ಎಷ್ಟೋ ಕನ್ನಡಿಗರ ಕತೆ ಇದೇ ಅಲ್ವಾ? ಈಗ ಐರೋಲಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ, ವಾರ ಬಿಟ್ಟು ವಾರ ನೈಟ್ ಶಿಫ್ಟ್. ಊರಿನಿಂದ ಬಂದ ಹುಡುಗರು, ಇಲ್ಲೇ ಹುಟ್ಟಿ ಬೆಳೆದವರು, ಪುಣೆಯ ಹಿಂಜವಡಿಯಲ್ಲಿ ಸಪೋರ್ಟ್ ಕೆಲಸದಲ್ಲಿರುವವರು ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: "ಅಣ್ಣಾ, ಸಿಸಿಎನ್‌ಎ ಮಾಡಬೇಕು. ಎಲ್ಲಿಂದ ಶುರು ಮಾಡಲಿ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಸುಸ್ತಾಗಿ, ಈಗ ಬರೆದೇ ಇಡುತ್ತಿದ್ದೇನೆ.

ಮೊದಲು ಪರೀಕ್ಷೆ ಏನೆಂದು ನೋಡಿ

ಸಿಸಿಎನ್‌ಎ ಅನ್ನುವುದು ನೆಟ್‌ವರ್ಕ್ ಸಾಧನ ಮಾಡುವ ಸಿಸ್ಕೋ ಕಂಪನಿಯ ಅಸೋಸಿಯೇಟ್ ಹಂತದ ನೆಟ್‌ವರ್ಕಿಂಗ್ ಪರೀಕ್ಷೆ. ಕೋಡ್ 200-301. ಈ ಕೋಡ್ ಬಂದಿದ್ದು 2020ರ ಫೆಬ್ರವರಿಯಲ್ಲಿ. 2024ರ ಆಗಸ್ಟ್‌ನಿಂದ ಅದರ 1.1 ಆವೃತ್ತಿ ಬಂತು. ಸಮಯ 120 ನಿಮಿಷ. ಬರೆಯಲು ಡಿಗ್ರಿ ಬೇಕು, ಅನುಭವ ಬೇಕು ಅನ್ನುವ ಷರತ್ತು ಇಲ್ಲ. ಶುಲ್ಕ 300 ಡಾಲರ್, ಮೇಲೆ ತೆರಿಗೆ. ಡಾಲರ್ ದರ ನೋಡಿಕೊಂಡು 30,000 ರೂಪಾಯಿಯ ಆಸುಪಾಸು ಕೈಯಲ್ಲಿಟ್ಟುಕೊಳ್ಳಿ. ಮುಂಬೈಯಲ್ಲಿ ರೂಮ್ ಬಾಡಿಗೆ ಕಟ್ಟುವವನಿಗೆ ಇದು ಸಣ್ಣ ಮೊತ್ತವಲ್ಲ. ಅದಕ್ಕೇ ಹೇಳುವುದು, ಒಂದೇ ಸಲಕ್ಕೆ ಪಾಸಾಗುವ ಹಾಗೆ ತಯಾರಾಗಿ.

ಸಿಸ್ಕೋದವರು ವಿಷಯಗಳ ಪಟ್ಟಿಯನ್ನು ಪುಕ್ಕಟೆ ಕೊಡುತ್ತಾರೆ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಅದರಲ್ಲಿ ಆರು ಭಾಗಗಳಿವೆ. ನೆಟ್‌ವರ್ಕ್ ಮೂಲ ವಿಷಯಗಳಿಗೆ ಶೇ. 20, ಸ್ವಿಚ್ (ಒಂದೇ ಜಾಗದ ಕಂಪ್ಯೂಟರುಗಳನ್ನು ಜೋಡಿಸುವ ಸಾಧನ), ವಿಎಲ್ಯಾನ್ (ಒಂದೇ ಸ್ವಿಚ್‌ನೊಳಗೆ ಮಾಡುವ ಬೇರೆ ಬೇರೆ ನೆಟ್‌ವರ್ಕ್), ವೈಫೈ ಇರುವ ಭಾಗಕ್ಕೆ ಶೇ. 20, ರೂಟಿಂಗ್‌ಗೆ (ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾರಿ ತೋರಿಸುವುದು) ಶೇ. 25. ಅಡ್ರೆಸ್ ಹಂಚುವ ಡಿಎಚ್‌ಸಿಪಿ, ಒಳಗಿನ ಅಡ್ರೆಸ್ ಬದಲಿಸಿ ಹೊರಗೆ ಕಳಿಸುವ ನ್ಯಾಟ್‌ನಂಥ ಸೇವೆಗಳಿಗೆ ಶೇ. 10, ಸೆಕ್ಯುರಿಟಿಗೆ ಶೇ. 15, ಆಟೊಮೇಷನ್‌ಗೆ ಶೇ. 10. ಮೊದಲ ಮೂರನ್ನೇ ಕೂಡಿದರೆ ಶೇ. 65. ನಿಮ್ಮ ಸಮಯವೂ ಅದೇ ಲೆಕ್ಕದಲ್ಲಿ ಹಂಚಿಕೆಯಾಗಲಿ. ಪೈಥಾನ್, ಎಐ ಅಂತ ಹೊಸ ಮಾತು ಕೇಳಿ ಮೊದಲ ತಿಂಗಳೇ ಅಲ್ಲಿಗೆ ಹೋಗಿ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ.

ಪಾಸಾಗಲು ಎಷ್ಟು ಅಂಕ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಸಿಸ್ಕೋ ಅದನ್ನು ಪ್ರಕಟಿಸುವುದಿಲ್ಲ. ಗೆಳೆಯರು ಹೇಳುವ ಸಂಖ್ಯೆಗಳನ್ನು ಕೇಳಿ ಬಿಟ್ಟುಬಿಡಿ.

ಕಂಪ್ಯೂಟರೇ ಹೊಸದು, ಐಪಿ ಅಡ್ರೆಸ್ ಅಂದರೇನು ಅಂತಲೂ ಗೊತ್ತಿಲ್ಲ ಅನ್ನುವವರು ಮೊದಲು ಕಾಂಪ್‌ಟಿಯಾ ನೆಟ್‌ವರ್ಕ್ ಪ್ಲಸ್ ಎಂಬ ಇನ್ನೊಂದು ಪರೀಕ್ಷೆಯ ಪಠ್ಯ ನೋಡಬಹುದು. ಅದು ಯಾವುದೇ ಒಂದು ಕಂಪನಿಯ ಸಾಧನಕ್ಕೆ ಅಂಟಿಕೊಂಡಿಲ್ಲ. 90 ನಿಮಿಷ, ಗರಿಷ್ಠ 90 ಪ್ರಶ್ನೆ. ನನ್ನ ಅಭಿಪ್ರಾಯ ಕೇಳಿದರೆ, ಪಠ್ಯ ಓದಿ, ಆದರೆ ದುಡ್ಡು ಒಂದೇ ಪರೀಕ್ಷೆಗೆ ಆಗುವಷ್ಟಿದ್ದರೆ ಸಿಸಿಎನ್‌ಎಗೇ ಇಡಿ. ಇಲ್ಲಿನ ಕೆಲಸದ ಜಾಹೀರಾತುಗಳಲ್ಲಿ ನನ್ನ ಕಣ್ಣಿಗೆ ಜಾಸ್ತಿ ಬೀಳುವ ಹೆಸರು ಅದೇ.

ಇಂಗ್ಲಿಷಿನ ಹೆದರಿಕೆ

ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದವರಿಗೆ ಇಲ್ಲೇ ಹೊಟ್ಟೆಯಲ್ಲಿ ಚಿಟ್ಟೆಹುಳ ಓಡಾಡುತ್ತದೆ. ಆದರೆ ನಿಜ ಏನೆಂದರೆ, ಈ ಪರೀಕ್ಷೆಯ ಇಂಗ್ಲಿಷು ಬಹಳ ಚಿಕ್ಕದು. ಅವೇ ನಾಲ್ಕಾರು ವಾಕ್ಯ ಮತ್ತೆ ಮತ್ತೆ ಬರುತ್ತವೆ. "ರೆಫರ್ ಟು ದಿ ಎಕ್ಸಿಬಿಟ್" ಅಂದರೆ ಕೊಟ್ಟಿರುವ ಚಿತ್ರ ಅಥವಾ ಔಟ್‌ಪುಟ್ ನೋಡಿ ಅಂತ. "ಚೂಸ್ ಟೂ" ಅಂದರೆ ಎರಡು ಉತ್ತರ ಆರಿಸಬೇಕು. "ಮೋಸ್ಟ್ ಲೈಕ್ಲಿ" ಅಂದರೆ ಇರುವುದರಲ್ಲಿ ಹೆಚ್ಚು ಸಾಧ್ಯತೆ ಯಾವುದಕ್ಕೆ ಅಂತ. ಒಂದು ಚಿಕ್ಕ ನೋಟ್‌ಬುಕ್‌ನಲ್ಲಿ ಇಂಥ ಮಾತುಗಳನ್ನು ಬರೆದಿಟ್ಟುಕೊಳ್ಳಿ. ನನ್ನ ನೋಟ್‌ಬುಕ್ ನಾಲ್ಕು ಪುಟಕ್ಕೇ ಮುಗಿಯಿತು.

ಇನ್ನೊಂದು ಕೆಲಸ ಮಾಡಿ. ಕಲಿತದ್ದನ್ನು ಕನ್ನಡದಲ್ಲಿ ಯಾರಿಗಾದರೂ ಹೇಳಿ. ನಾನು ರೂಮ್‌ಮೇಟ್‌ಗೆ ಹೇಳುತ್ತಿದ್ದೆ. ಅವನು ಕುಂದಾಪುರದ ಕಡೆಯವನು, ಕ್ಯಾಟರಿಂಗ್ ಕೆಲಸ, ಕಂಪ್ಯೂಟರಿಗೂ ಅವನಿಗೂ ಸಂಬಂಧವಿಲ್ಲ. ಎಆರ್‌ಪಿ, ಅಂದರೆ ಈ ಐಪಿ ಅಡ್ರೆಸ್ ಯಾರದ್ದು ಅಂತ ಎಲ್ಲರನ್ನೂ ಕೇಳಿ ಆ ಸಾಧನದ ಮ್ಯಾಕ್ ಅಡ್ರೆಸ್ (ಅದರ ಸ್ವಂತ ಗುರುತು) ತಿಳಿಯುವ ವಿಧಾನ. ಅದನ್ನು ಹೇಳಲು ಹೋಗಿ ನಾನೇ ತೊದಲಿದೆ. ಆಮೇಲೆ ಹೊಳೆಯಿತು. "ನಿಮ್ಮ ಹೋಟೆಲ್‌ನಲ್ಲಿ ಮಾಣಿ ತಟ್ಟೆ ಹಿಡಿದುಕೊಂಡು ‘ಮಸಾಲೆ ದೋಸೆ ಯಾರದ್ದು?’ ಅಂತ ಕೂಗುತ್ತಾನಲ್ಲ, ಎಲ್ಲರಿಗೂ ಕೇಳುತ್ತದೆ, ಆದರೆ ಕೈ ಎತ್ತುವವನು ಒಬ್ಬನೇ. ಅದೇ ಎಆರ್‌ಪಿ" ಅಂದೆ. "ಹಾಗಾದ್ರೆ ಯಾರೋ ಸುಮ್ನೆ ಕೈ ಎತ್ತಿ ಬೇರೆಯವ್ರ ದೋಸೆ ತಿಂದ್ರೆ ಮಾರಾಯಾ?" ಅಂದ. ಎಆರ್‌ಪಿ ಸ್ಪೂಫಿಂಗ್ ಎಂಬ ದಾಳಿ ಅದೇ. ಅದನ್ನು ತಡೆಯಲು ಸ್ವಿಚ್‌ನಲ್ಲಿ ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ಅಂತ ಒಂದು ವ್ಯವಸ್ಥೆ ಇದೆ, ಅದೂ ಪಠ್ಯದಲ್ಲಿದೆ. ನಾನಿನ್ನೂ ಆ ಅಧ್ಯಾಯಕ್ಕೆ ಬಂದಿರಲಿಲ್ಲ, ಅವನು ಬಂದುಬಿಟ್ಟಿದ್ದ.

ಬೇಕಾದ ಸಾಮಾನು

ಬಹಳ ಇಲ್ಲ. ಸಾಧಾರಣ ಲ್ಯಾಪ್‌ಟಾಪ್, ಪ್ಯಾಕೆಟ್ ಟ್ರೇಸರ್ ಎಂಬ ಸಾಫ್ಟ್‌ವೇರ್, ಒಂದು ಒಳ್ಳೆಯ ಪುಸ್ತಕ ಅಥವಾ ವಿಡಿಯೊ ಸರಣಿ. ಪ್ಯಾಕೆಟ್ ಟ್ರೇಸರ್ ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಪುಕ್ಕಟೆ ಸಿಗುತ್ತದೆ. ಸ್ವಿಚ್, ರೂಟರ್, ಕೇಬಲ್ ಎಲ್ಲ ಪರದೆಯ ಮೇಲೇ ಜೋಡಿಸಬಹುದು. ಯೂಟ್ಯೂಬ್‌ನಲ್ಲಿ ಪೂರ್ತಿ ಪಠ್ಯದ ಉಚಿತ ಸರಣಿಗಳಿವೆ. ಆದರೆ ಒಂದನ್ನೇ ಹಿಡಿಯಿರಿ. ಮೂರು ಕೋರ್ಸ್ ಅರ್ಧರ್ಧ ನೋಡಿದವನಿಗೆ ಮೊದಲ ಅಧ್ಯಾಯ ಮಾತ್ರ ಚೆನ್ನಾಗಿ ಬರುತ್ತದೆ.

ನಿಜವಾದ ಸಾಧನ ಮುಟ್ಟಬೇಕು ಅನ್ನುವ ಆಸೆ ಇದ್ದರೆ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್‌ಗೆ ಒಂದು ಶನಿವಾರ ಹೋಗಿ. ಅಲ್ಲಿ ಹುಡುಕಿದರೆ ಆಫೀಸ್‌ಗಳಿಂದ ಹೊರಬಿದ್ದ ಹಳೇ ಸ್ವಿಚ್‌ಗಳೂ ಸಿಗುತ್ತವೆ. ತೆಗೆದುಕೊಳ್ಳುವ ಮೊದಲು ಅಂಗಡಿಯಲ್ಲೇ ಪವರ್ ಕೊಟ್ಟು ನೋಡಿ, ಬೂಟ್ ಆಗುವುದನ್ನು ಕಣ್ಣಾರೆ ಕಾಣಿ. ಲ್ಯಾಪ್‌ಟಾಪನ್ನು ಸ್ವಿಚ್‌ಗೆ ನೇರವಾಗಿ ಜೋಡಿಸಲು ಯುಎಸ್‌ಬಿ ಕನ್ಸೋಲ್ ಕೇಬಲ್ ಒಂದು ಬೇಕು. ಪುಟ್ಟಿ ಎಂಬ ಸಾಫ್ಟ್‌ವೇರ್ ತೆರೆದು ವೇಗ 9600 ಇಟ್ಟರೆ ಸಾಕು, ಮಾತಾಡಲು ಶುರು ಮಾಡುತ್ತದೆ. ಆದರೆ ಇದು ಕಡ್ಡಾಯವಲ್ಲ. ನಾನು ತಂದ ಸ್ವಿಚ್‌ನ ಫ್ಯಾನ್ ಸದ್ದಿಗೆ ಪಕ್ಕದ ರೂಮಿನವರು ಗೋಡೆ ಬಡಿದರು. ಎರಡು ವಾರಕ್ಕೆ ಅದು ಕಟ್ಟಿಗೆ ಡಬ್ಬದೊಳಗೆ ಸೇರಿತು.

ದಿನಾಂಕ ಮತ್ತು ಸಮಯ

ಕೆಲಸ ಮಾಡುತ್ತಾ ಓದುವವರಿಗೆ ನಾಲ್ಕರಿಂದ ಐದು ತಿಂಗಳು ಹಿಡಿಯುತ್ತದೆ, ದಿನಕ್ಕೆ ಒಂದೂವರೆ ಗಂಟೆಯ ಲೆಕ್ಕದಲ್ಲಿ. ಭಾನುವಾರ ಹತ್ತು ಗಂಟೆ ಕೂರುತ್ತೇನೆ ಅನ್ನುವವರು ಭಾನುವಾರ ಬಟ್ಟೆ ಒಗೆದು ಮಲಗುತ್ತಾರೆ. ನಾನೂ ಮಲಗಿದ್ದೇನೆ. ದಿನಾ ಸ್ವಲ್ಪ ಸ್ವಲ್ಪ ಮಾಡುವುದೇ ಸರಿ.

ಓದಲು ಶುರು ಮಾಡಿದ ಎರಡನೇ ತಿಂಗಳಲ್ಲೇ ಪರೀಕ್ಷೆಯ ದಿನಾಂಕ ಬುಕ್ ಮಾಡಿಬಿಡಿ. ಬುಕಿಂಗ್ ಪಿಯರ್ಸನ್ ವ್ಯೂ ಮೂಲಕ. ಖಾತೆ ತೆರೆಯುವಾಗ ಒಂದು ವಿಷಯ ಜೋಪಾನ: ಹೆಸರು. ಇದು ನಮ್ಮವರಿಗೇ ಬರುವ ತಾಪತ್ರಯ. ಊರಿನ ದಾಖಲೆಯಲ್ಲಿ ಇನಿಶಿಯಲ್ ಮುಂದೆ, ಹೆಸರು ಆಮೇಲೆ. ಮಹಾರಾಷ್ಟ್ರದಲ್ಲಿ ಮಾಡಿಸಿದ ದಾಖಲೆಯಲ್ಲಿ ಮೊದಲು ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಒಬ್ಬನೇ ಮನುಷ್ಯ ಎರಡು ಕಾರ್ಡಿನಲ್ಲಿ ಇಬ್ಬರಾಗಿರುತ್ತಾನೆ. ಪರೀಕ್ಷಾ ಕೇಂದ್ರದಲ್ಲಿ ತೋರಿಸುವ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಖಾತೆಯಲ್ಲೂ ಇರಬೇಕು. ಪಾಸ್‌ಪೋರ್ಟ್ ಇದ್ದರೆ ಅದರಂತೆಯೇ ಹಾಕಿ, ತಲೆನೋವಿಲ್ಲ. ಯಾವ ಯಾವ ಚೀಟಿ ತರಬೇಕು ಅಂತ ಬುಕಿಂಗ್ ಮೇಲ್‌ನಲ್ಲಿರುತ್ತದೆ, ಪೂರ್ತಿ ಓದಿ.

ಭಾನುವಾರ ಬೇಡ, ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವುದು) ಇರುತ್ತದೆ. ಜುಲೈ ತಿಂಗಳೂ ಬೇಡ ಅನ್ನುತ್ತೇನೆ. ಕುರ್ಲಾ, ಸಯನ್ ಹಳಿಗಳ ಮೇಲೆ ನೀರು ನಿಂತ ದಿನ ನಿಮ್ಮ ತಯಾರಿ ಯಾರಿಗೆ ಬೇಕು?

ಮನೆಯಿಂದಲೇ ಆನ್‌ಲೈನ್ ಬರೆಯುವ ಅನುಕೂಲವೂ ಇದೆ. ಆದರೆ ರೂಮಿನಲ್ಲಿ ನೀವೊಬ್ಬರೇ ಇರಬೇಕು, ಯಾರೂ ಒಳಗೆ ಬರಬಾರದು, ಕ್ಯಾಮರಾದಲ್ಲಿ ಯಾರೋ ನೋಡುತ್ತಾ ಇರುತ್ತಾರೆ. ಕಾಗದ, ಪೆನ್ನು ಇಟ್ಟುಕೊಳ್ಳುವ ಹಾಗಿಲ್ಲ. ಚಾಳ್‌ನ ಒಂದು ಕೋಣೆಯಲ್ಲಿ ನಾಲ್ಕು ಜನ ಇರುವಾಗ ಇದು ಆಗುವ ಮಾತಲ್ಲ. ಕುಕ್ಕರ್ ಸೀಟಿ, ನೆಟ್ ಹೋಗುವುದು, ಬಾಗಿಲು ಬಡಿಯುವ ಹಾಲಿನವನು. ಕೇಂದ್ರಕ್ಕೇ ಹೋಗಿ. ಅಲ್ಲಿ ಬರೆದು ಅಳಿಸುವ ಹಾಳೆ, ಪೆನ್ನು ಕೊಡುತ್ತಾರೆ.

ಸಬ್‌ನೆಟ್ಟಿಂಗ್: ದಿನಾ ಹತ್ತು ಲೆಕ್ಕ

ಇಲ್ಲಿ ನಿಧಾನಕ್ಕೆ ಹೋಗೋಣ. ಜನ ಬಿಟ್ಟು ಓಡುವುದು ಇಲ್ಲೇ.

ಒಂದು ಅಡ್ರೆಸ್ ಕೊಟ್ಟಿದ್ದಾರೆ: 192.168.10.77/26. ಇದು ಯಾವ ನೆಟ್‌ವರ್ಕ್‌ನಲ್ಲಿದೆ? /26 ಅಂದರೆ ಅಡ್ರೆಸ್‌ನ ಮೊದಲ 26 ಬಿಟ್ ನೆಟ್‌ವರ್ಕ್‌ನ ಪಾಲು. ಅದನ್ನೇ ಮಾಸ್ಕ್ ರೂಪದಲ್ಲಿ ಬರೆದರೆ 255.255.255.192. ಕೊನೆಯ ಸಂಖ್ಯೆಯನ್ನು 256ರಿಂದ ಕಳೆಯಿರಿ: 256 − 192 = 64. ಹಾಗಾದರೆ ನೆಟ್‌ವರ್ಕ್‌ಗಳು 64ರ ಹೆಜ್ಜೆಯಲ್ಲಿ ಬರುತ್ತವೆ: 0, 64, 128, 192. 77 ಬೀಳುವುದು 64 ಮತ್ತು 128ರ ನಡುವೆ. ಆದ್ದರಿಂದ ನೆಟ್‌ವರ್ಕ್ 192.168.10.64. ಮುಂದಿನ ನೆಟ್‌ವರ್ಕ್‌ಗಿಂತ ಒಂದು ಕಡಿಮೆ, ಅಂದರೆ 127, ಬ್ರಾಡ್‌ಕಾಸ್ಟ್ (ಎಲ್ಲರಿಗೂ ಒಟ್ಟಿಗೆ ಕಳಿಸುವ ಅಡ್ರೆಸ್). ನಡುವಿನ 65ರಿಂದ 126ರವರೆಗೆ 62 ಅಡ್ರೆಸ್ ಸಾಧನಗಳಿಗೆ. ಮುಗಿಯಿತು. ಬೈನರಿ ಬರೆಯುವ ಅಗತ್ಯ ಬೀಳಲಿಲ್ಲ ನೋಡಿ.

ಸ್ವಲ್ಪ ಕಷ್ಟದ್ದು: 172.16.45.200/20. ಈಗ ಆಟ ಮೂರನೇ ಸಂಖ್ಯೆಯಲ್ಲಿ. ಮಾಸ್ಕ್ 255.255.240.0. 256 − 240 = 16. ಹೆಜ್ಜೆಗಳು 0, 16, 32, 48. 45 ಬೀಳುವುದು 32ರ ಮನೆಯಲ್ಲಿ. ನೆಟ್‌ವರ್ಕ್ 172.16.32.0, ಬ್ರಾಡ್‌ಕಾಸ್ಟ್ 172.16.47.255. ನಾಲ್ಕನೇ ಸಂಖ್ಯೆಯಾದ 200 ನೋಡಿ ಗಾಬರಿಯಾಗಬೇಡಿ. ಅದು ಸುಮ್ನೆ ದಾರಿ ತಪ್ಪಿಸಲು ಕೂತಿದೆ.

ಮೊದಲು ಬೈನರಿಯಲ್ಲಿ ಯಾಕೆ ಹೀಗಾಗುತ್ತದೆ ಅಂತ ಒಂದೆರಡು ದಿನ ಕೂತು ಅರ್ಥ ಮಾಡಿಕೊಳ್ಳಿ. ಆಮೇಲೆ ಈ ಹೆಜ್ಜೆಯ ಲೆಕ್ಕ. 128, 192, 224, 240, 248, 252 ಇವುಗಳು ಮಗ್ಗಿಯ ಹಾಗೆ ಬಾಯಿಗೆ ಬರಬೇಕು. ಒಂದು ಲೆಕ್ಕಕ್ಕೆ 30 ಸೆಕೆಂಡ್ ಒಳಗೆ ಉತ್ತರ ಬರುವ ತನಕ ದಿನಾ ಹತ್ತು ಮಾಡಿ. ರೈಲಿನಲ್ಲಿ ಸಂಖ್ಯೆ ಎಲ್ಲಿಂದ ತರುವುದು? ಎದುರಿಗೆ ಕಾಣುವ ಜಾಹೀರಾತಿನ ಫೋನ್ ನಂಬರ್‌ನ ಕೊನೆಯ ಎರಡು ಅಂಕೆ. ನಾನು ಅದನ್ನೇ ಮಾಡುತ್ತಿದ್ದೆ.

ವಿಎಲ್ಯಾನ್ ಮತ್ತು ನಾನು ಮಾಡಿದ ಅನಾಹುತ

ವಿಎಲ್ಯಾನ್ ಅರ್ಥವಾಗದವರಿಗೆ ಲೋಕಲ್ ರೈಲನ್ನೇ ತೋರಿಸುತ್ತೇನೆ. ರೈಲು ಒಂದೇ. ಆದರೆ ಲೇಡೀಸ್ ಡಬ್ಬಿ ಬೇರೆ, ಫಸ್ಟ್ ಕ್ಲಾಸ್ ಬೇರೆ, ಸಾಮಾನು ಡಬ್ಬಿ ಬೇರೆ. ಒಂದರೊಳಗೆ ಕೂಗಿದ್ದು ಇನ್ನೊಂದಕ್ಕೆ ಕೇಳುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಸ್ಟೇಷನ್‌ನಲ್ಲಿ ಇಳಿದು ಹತ್ತಬೇಕು. ಆ ಪ್ಲಾಟ್‌ಫಾರ್ಮ್ ಅಂದರೆ ರೂಟರ್, ಅಥವಾ ಮೂರನೇ ಪದರದ ಸ್ವಿಚ್ (ರೂಟಿಂಗ್ ಕೂಡ ಮಾಡುವ ಸ್ವಿಚ್). ಎಲ್ಲ ಡಬ್ಬಿಗಳನ್ನೂ ಒಟ್ಟಿಗೆ ಹೊರುವ ಹಳಿ ಟ್ರಂಕ್, ಅಂದರೆ ಹಲವು ವಿಎಲ್ಯಾನ್ ಸಾಗಿಸುವ ಒಂದೇ ಲಿಂಕ್. ಡಬ್ಬಿಯ ಮೇಲೆ ಬಳಿದ ಪಟ್ಟೆಯೇ ಯಾವ ವಿಎಲ್ಯಾನ್ ಅಂತ ತೋರಿಸುವ 802.1ಕ್ಯೂ ಟ್ಯಾಗ್. ಎಸಿ ಲೋಕಲ್‌ನಲ್ಲಿ ಒಳಗಿಂದೊಳಗೇ ನಡೆದು ಹೋಗಬಹುದು, ಅದನ್ನು ಸದ್ಯಕ್ಕೆ ಮರೆತುಬಿಡಿ.

ಈಗ ಅನಾಹುತ. ನನ್ನ ಮೊದಲ ಕೆಲಸ, ನೈಟ್ ಶಿಫ್ಟ್, ಬೆಳಗಿನ ಜಾವ ಮೂರು ಗಂಟೆ. ಒಂದು ಟ್ರಂಕ್‌ಗೆ ಹೊಸದಾಗಿ ವಿಎಲ್ಯಾನ್ 30 ಸೇರಿಸಬೇಕಿತ್ತು. ನಾನು "ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಎಲ್ಯಾನ್ 30" ಅಂತ ಹಾಕಿ ಎಂಟರ್ ಒತ್ತಿದೆ. ನಡುವೆ "ಆ್ಯಡ್" ಅನ್ನುವ ಒಂದು ಪದ ಇರಬೇಕಿತ್ತು. ಅದಿಲ್ಲದಿದ್ದರೆ ಸ್ವಿಚ್ ಹಳೇ ಪಟ್ಟಿಯನ್ನೇ ಅಳಿಸಿ 30 ಒಂದನ್ನೇ ಉಳಿಸಿಕೊಳ್ಳುತ್ತದೆ. ಒಂದು ಇಡೀ ಮಹಡಿಯ ನೆಟ್ ಹೋಯಿತು. ಆ ಸ್ವಿಚ್‌ಗೆ ನಾನು ಹೋಗುತ್ತಿದ್ದ ದಾರಿಯೂ ಅದೇ ಟ್ರಂಕ್. ಸರಿಪಡಿಸಲು ಕಟ್ಟಡದ ಮೆಟ್ಟಿಲು ಹತ್ತಿ ಕನ್ಸೋಲ್ ಕೇಬಲ್ ಹಿಡಿದು ಓಡಬೇಕಾಯಿತು. ಈ ಕಮಾಂಡ್ ನಾನು ಪುಸ್ತಕದಲ್ಲಿ ಮೂರು ಸಲ ಓದಿದ್ದೆ. ಆದರೆ ನೆನಪಾಗಿ ಉಳಿದದ್ದು ಆ ಮೆಟ್ಟಿಲು ಹತ್ತಿದ ಮೇಲೆ.

ಅದಕ್ಕೇ ನನ್ನ ಇಡೀ ಸಲಹೆ ಇಷ್ಟೇ: ಲ್ಯಾಬ್‌ನಲ್ಲಿ ಕಟ್ಟುವುದಕ್ಕಿಂತ ಜಾಸ್ತಿ ಕೆಡಿಸಿ. ಕೆಡಿಸಿ, ಏನೇನು ಲಕ್ಷಣ ಕಾಣುತ್ತದೆ ನೋಡಿ, ಆಮೇಲೆ ಸರಿಮಾಡಿ. ವಿಡಿಯೊದವರು ಮಾಡಿದ್ದನ್ನು ಹಾಗೇ ಟೈಪ್ ಮಾಡಿದರೆ ಎಲ್ಲ ಸರಿಯಾಗಿಯೇ ನಡೆಯುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ.

ಕಟ್ಟಿ, ಕೆಡಿಸಿ

ಪ್ಯಾಕೆಟ್ ಟ್ರೇಸರ್‌ನಲ್ಲಿ ಎರಡು ಸ್ವಿಚ್, ಒಂದು ರೂಟರ್, ನಾಲ್ಕು ಪಿಸಿ ಇಡಿ. ಒಂದು ಸಣ್ಣ ಕೆಲಸದ ಜಾಗ ಅಂದುಕೊಳ್ಳಿ, ಉದಾಹರಣೆಗೆ ಎರಡು ಮಹಡಿಯ ಹೋಟೆಲ್. ಗಲ್ಲಾದ ಬಿಲ್ಲಿಂಗ್ ಕಂಪ್ಯೂಟರಿಗೆ ವಿಎಲ್ಯಾನ್ 10, ಮೇಲಿನ ಲೆಕ್ಕಪತ್ರದ ಕೋಣೆಗೆ 20, ಗಿರಾಕಿಗಳ ವೈಫೈಗೆ 30. ರೂಟರ್‌ನಲ್ಲಿ ಮೂರಕ್ಕೂ ಸಬ್‌ಇಂಟರ್ಫೇಸ್ (ಒಂದೇ ಪೋರ್ಟನ್ನು ಹಲವು ಪೋರ್ಟ್‌ಗಳಂತೆ ಬಳಸುವುದು). ಡಿಎಚ್‌ಸಿಪಿ ಮೂಲಕ ಅಡ್ರೆಸ್ ಹೋಗಬೇಕು. ಗಿರಾಕಿಯ ಮೊಬೈಲ್ ಬಿಲ್ಲಿಂಗ್ ಕಂಪ್ಯೂಟರನ್ನು ಮುಟ್ಟದಂತೆ ಎಸಿಎಲ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ಪಟ್ಟಿ) ಹಾಕಿ. ಹೊರಗೆ ಹೋಗಲು ನ್ಯಾಟ್. ಸಾಧನಕ್ಕೆ ಒಳಹೋಗಲು ಎಲ್ಲವನ್ನೂ ಬಯಲಾಗಿ ಕಳಿಸುವ ಟೆಲ್ನೆಟ್ ಅಲ್ಲ, ಗುಟ್ಟಾಗಿ ಕಳಿಸುವ ಎಸ್‌ಎಸ್‌ಎಚ್ ಮಾತ್ರ. ಈ ಒಂದೇ ಲ್ಯಾಬ್‌ನಲ್ಲಿ ಪಠ್ಯದ ದೊಡ್ಡ ಪಾಲು ಬಂದುಬಿಡುತ್ತದೆ. ಪ್ರತಿ ವಾರ ಇದನ್ನು ಖಾಲಿ ಪರದೆಯಿಂದ ಮತ್ತೆ ಕಟ್ಟಿ. ನನಗೆ ಮೊದಲ ಸಲ ಎರಡು ರಾತ್ರಿ ಹಿಡಿಯಿತು. ಕೊನೆಗೆ 40 ನಿಮಿಷ.

ಕೆಡಿಸುವ ಕೆಲಸಕ್ಕೆ ಜೊತೆಗಾರ ಇದ್ದರೆ ಮಜಾ. ನೀವು ಚಹಾ ಕುಡಿದು ಬರುವಷ್ಟರಲ್ಲಿ ಅವರು ಏನಾದರೂ ಒಂದನ್ನು ಹಾಳು ಮಾಡಲಿ. ಒಂದು ಪಿಸಿಯ ಗೇಟ್‌ವೇ ಬದಲಿಸುವುದು, ಟ್ರಂಕ್‌ನ ಒಂದು ತುದಿಯಲ್ಲಿ ನೇಟಿವ್ ವಿಎಲ್ಯಾನ್ (ಟ್ಯಾಗ್ ಇಲ್ಲದೆ ಹೋಗುವ ವಿಎಲ್ಯಾನ್) ಬೇರೆ ಮಾಡುವುದು, ಎಸಿಎಲ್‌ನ ಸಾಲುಗಳನ್ನು ಹಿಂದುಮುಂದು ಮಾಡುವುದು. ಎಸಿಎಲ್ ಮೇಲಿಂದ ಕೆಳಗೆ ಓದಿಕೊಂಡು ಹೋಗುತ್ತದೆ. ಮೊದಲು ಹೊಂದಿದ ಸಾಲಿಗೇ ನಿಲ್ಲುತ್ತದೆ. ಕೊನೆಯಲ್ಲಿ ಕಣ್ಣಿಗೆ ಕಾಣದ "ಎಲ್ಲವೂ ನಿಷೇಧ" ಸಾಲೊಂದು ಇರುತ್ತದೆ. ಈ ಕಾಣದ ಸಾಲು ಪರೀಕ್ಷೆಯಲ್ಲಿ ಎಷ್ಟು ಜನರನ್ನು ಬೀಳಿಸಿದೆಯೋ!

ಸರಿಮಾಡುವಾಗ ಮೊದಲೇ ಕಾನ್ಫಿಗರೇಷನ್ ಪೂರ್ತಿ ತೆರೆದು ಓದುವ ಚಟ ಬೇಡ. ಕೆಳಗಿನಿಂದ ಬನ್ನಿ. ಕೇಬಲ್, ಪೋರ್ಟ್ ಸರಿ ಇದೆಯಾ? "ಶೋ ಐಪಿ ಇಂಟರ್ಫೇಸ್ ಬ್ರೀಫ್". ಅಲ್ಲಿ "ಅಡ್ಮಿನಿಸ್ಟ್ರೇಟಿವ್ಲಿ ಡೌನ್" ಅಂತ ಕಂಡರೆ ಯಾರೋ ಶಟ್‌ಡೌನ್ ಮಾಡಿದ್ದಾರೆ ಅಂತಲೇ ಅರ್ಥ, ಕೇಬಲ್ ಹುಡುಕಲು ಹೋಗಬೇಡಿ. ಪೋರ್ಟ್ ಸರಿಯಾದ ವಿಎಲ್ಯಾನ್‌ನಲ್ಲಿದೆಯಾ? "ಶೋ ವಿಎಲ್ಯಾನ್ ಬ್ರೀಫ್". ಟ್ರಂಕ್ ಹೊರುತ್ತಿದೆಯಾ? "ಶೋ ಇಂಟರ್ಫೇಸಸ್ ಟ್ರಂಕ್". ಆಮೇಲೆ ದಾರಿ ಇದೆಯಾ ಅಂತ "ಶೋ ಐಪಿ ರೂಟ್". ಈ ಕ್ರಮ ಕೈಗೆ ಬಂದರೆ ಕೆಲಸದ ಸಂದರ್ಶನದಲ್ಲೂ ಅರ್ಧ ದಾರಿ ದಾಟಿದಂತೆ.

ರೂಟಿಂಗ್

ಡಬ್ಬಾವಾಲಾಗಳನ್ನು ನೋಡಿ. ಡಬ್ಬದ ಮೇಲಿನ ಗುರುತು ಮನೆಯಿಂದ ಆಫೀಸ್ ತನಕ ಬದಲಾಗುವುದಿಲ್ಲ. ಆದರೆ ಅದನ್ನು ಹೊರುವ ಕೈ ದಾರಿಯಲ್ಲಿ ಬದಲಾಗುತ್ತಾ ಹೋಗುತ್ತದೆ. ಐಪಿ ಅಡ್ರೆಸ್ ಆ ಗುರುತಿನ ಹಾಗೆ, ಮ್ಯಾಕ್ ಅಡ್ರೆಸ್ ಹೊರುವ ಕೈಯ ಹಾಗೆ. ಪ್ರತಿ ರೂಟರ್ ದಾಟಿದಾಗಲೂ ಮ್ಯಾಕ್ ಹೊಸದು, ಐಪಿ ಅದೇ. ನಡುವೆ ನ್ಯಾಟ್ ಬಂದರೆ ಮಾತ್ರ ಐಪಿಯೂ ಬದಲಾಗುತ್ತದೆ. ಈ ಒಂದು ಮಾತು ಗಟ್ಟಿಯಾದರೆ ಹಲವು ಪ್ರಶ್ನೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ರೂಟಿಂಗ್ ಟೇಬಲ್ ಓದುವುದರಲ್ಲಿ ಒಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ. ನಾವೇ ಬರೆದಿಡುವ ಸ್ಟ್ಯಾಟಿಕ್ ರೂಟ್‌ಗೆ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ಕಡಿಮೆ ಇದ್ದಷ್ಟು ಹೆಚ್ಚು ನಂಬಿಕೆ) 1, ರೂಟರ್‌ಗಳು ತಮ್ಮಲ್ಲೇ ಮಾತಾಡಿಕೊಂಡು ದಾರಿ ಕಲಿಯುವ ಓಎಸ್‌ಪಿಎಫ್‌ಗೆ 110. ಹಾಗಾದರೆ ಸ್ಟ್ಯಾಟಿಕ್ ಯಾವಾಗಲೂ ಗೆಲ್ಲುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ. 10.1.0.0/16ಕ್ಕೆ ಸ್ಟ್ಯಾಟಿಕ್ ಇದೆ, 10.1.1.0/24ಕ್ಕೆ ಓಎಸ್‌ಪಿಎಫ್ ಇದೆ. ಪ್ಯಾಕೆಟ್ ಹೋಗಬೇಕಾದದ್ದು 10.1.1.9ಕ್ಕೆ. ಗೆಲ್ಲುವುದು ಓಎಸ್‌ಪಿಎಫ್, ಯಾಕೆಂದರೆ /24 ಹೆಚ್ಚು ನಿಖರ. "ಮುಂಬೈ" ಅಂತ ಮಾತ್ರ ಬರೆದ ವಿಳಾಸಕ್ಕಿಂತ "ಮಾಟುಂಗಾ" ಅಂತ ಬರೆದದ್ದೇ ಮೇಲು. ಎರಡೂ ಒಂದೇ ಉದ್ದದ ಪ್ರಿಫಿಕ್ಸ್ (/ ಗೆರೆಯ ಮುಂದಿನ ಸಂಖ್ಯೆ) ಆಗಿದ್ದಾಗ ಮಾತ್ರ ಡಿಸ್ಟೆನ್ಸ್ ನೋಡಬೇಕು.

ಓಎಸ್‌ಪಿಎಫ್‌ನಲ್ಲಿ ಎರಡು ರೂಟರ್ ನೆರೆಯಾಗದೆ ಇದ್ದರೆ ಏನೇನು ನೋಡಬೇಕು ಅನ್ನುವುದನ್ನು ಬೆರಳು ಮಡಚಿ ಎಣಿಸಲು ಬರಬೇಕು: ಏರಿಯಾ ಒಂದೇ ಇದೆಯಾ, ಹಲೋ (ನಾನಿದ್ದೇನೆ ಅನ್ನುವ ಸಂದೇಶ) ಮತ್ತು ಡೆಡ್ (ಅದು ಬರದಿದ್ದರೆ ಎಷ್ಟು ಕಾಯಬೇಕು ಅನ್ನುವ) ಟೈಮರ್ ಹೊಂದುತ್ತವೆಯಾ, ಸಬ್‌ನೆಟ್ ಒಂದೇನಾ, ರೂಟರ್ ಐಡಿ ಬೇರೆ ಬೇರೆ ಇದೆಯಾ, ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಸಮ ಇದೆಯಾ, ತಪ್ಪಿ ಪ್ಯಾಸಿವ್ ಇಂಟರ್ಫೇಸ್ (ಹಲೋ ಕಳಿಸದ ಪೋರ್ಟ್) ಆಗಿದೆಯಾ. ಈಥರ್ನೆಟ್‌ನಲ್ಲಿ ಹಲೋ 10 ಸೆಕೆಂಡಿಗೊಮ್ಮೆ, ಡೆಡ್ 40. ಲ್ಯಾಬ್‌ನಲ್ಲಿ ಒಂದೊಂದಾಗಿ ಕೆಡಿಸಿ ನೋಡಿ.

ಉಳಿದದ್ದು

ಐಪಿ ಆರನೇ ಆವೃತ್ತಿಯನ್ನು ಕೊನೆಗೆ ತಳ್ಳಬೇಡಿ. ನೋಡಲು ಭಯ, ಆದರೆ ಸಬ್‌ನೆಟ್ಟಿಂಗ್‌ನ ಕಾಟ ಅಲ್ಲಿ ಕಡಿಮೆ. ಎಫ್‌ಇ80 ಅಂತ ಶುರುವಾದರೆ ಅದು ಆ ಲಿಂಕ್‌ನೊಳಗೆ ಮಾತ್ರ. ಸ್ವಿಚ್‌ಗಳ ನಡುವೆ ಸಂದೇಶ ಸುತ್ತುತ್ತಲೇ ಇರದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀಯಲ್ಲಿ ರೂಟ್ ಬ್ರಿಜ್ (ಮುಖ್ಯ ಸ್ವಿಚ್) ಯಾರಾಗುತ್ತಾರೆ, ಯಾವ ಪೋರ್ಟ್ ಮುಚ್ಚುತ್ತದೆ ಅನ್ನುವುದನ್ನು ಕಾಗದದ ಮೇಲೆ ಹತ್ತು ಸಲ ಬಿಡಿಸಿ. ಕಡಿಮೆ ಸಂಖ್ಯೆ ಗೆಲ್ಲುತ್ತದೆ, ಪ್ರಯಾರಿಟಿ ಮುಟ್ಟದಿದ್ದರೆ 32768. ಆಟೊಮೇಷನ್ ಭಾಗಕ್ಕೆ ಒಂದು ವಾರ ಸಾಕು. ಜೇಸನ್ (ಮಾಹಿತಿ ಬರೆದಿಡುವ ಒಂದು ರೂಪ) ಓದಲು ಬರಬೇಕು, ರೆಸ್ಟ್ ಎಪಿಐ, ಆ್ಯನ್ಸಿಬಲ್, ಟೆರಾಫಾರ್ಮ್ ಏನು ಮಾಡುತ್ತವೆ ಅಂತ ಗೊತ್ತಿರಬೇಕು. 1.1 ಆವೃತ್ತಿಯಲ್ಲಿ ನೆಟ್‌ವರ್ಕ್ ಕೆಲಸದಲ್ಲಿ ಎಐ ಬಳಕೆಯ ಬಗ್ಗೆಯೂ ಸ್ವಲ್ಪ ಸೇರಿದೆ. ಕೋಡ್ ಬರೆಯಲು ಹೇಳುವುದಿಲ್ಲ.

ಡಂಪ್ಸ್ ಅನ್ನುವ ಆಸೆ

ಇದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಮೊದಲ ಸಲ ನಾನು ಫೇಲಾದೆ. ಠಾಣೆ ಕಡೆಯ ಒಂದು ಕ್ಲಾಸಿನವರು "ಗ್ಯಾರಂಟಿ ಪಾಸ್" ಅಂತ ಹೇಳಿ ಡಂಪ್ಸ್, ಅಂದರೆ ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೋತ್ತರಗಳ ಒಂದು ಪಿಡಿಎಫ್ ಕೊಟ್ಟಿದ್ದರು. ದುಡ್ಡು ಕೊಟ್ಟು ತೆಗೆದುಕೊಂಡೆ. ಕಂಠಪಾಠ ಮಾಡಿದೆ. ಪರೀಕ್ಷೆಯಲ್ಲಿ ಹಾಗೇ ಕಾಣುವ ಪ್ರಶ್ನೆಗಳೇ ಇದ್ದವು, ಆದರೆ ಒಂದು ಸಂಖ್ಯೆ ಬೇರೆ, ಒಂದು ಸಾಲು ಬೇರೆ. ನಾನು ಹಳೇ ಉತ್ತರವನ್ನೇ ಒತ್ತುತ್ತಾ ಹೋದೆ. ಲ್ಯಾಬ್ ಪ್ರಶ್ನೆ ಬಂದಾಗ ಕೈ ನಡುಗಿತು. ಆ ಪಿಡಿಎಫ್‌ನಲ್ಲಿ ಎಷ್ಟೋ ಉತ್ತರಗಳೇ ತಪ್ಪಿದ್ದವು ಅಂತ ಆಮೇಲೆ ಓದಿದಾಗ ತಿಳಿಯಿತು. ಅಲ್ಲದೆ ಇದು ಪರೀಕ್ಷೆಯ ಒಪ್ಪಂದಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಸಿಸ್ಕೋ ಸರ್ಟಿಫಿಕೇಟ್ ವಾಪಸ್ ಪಡೆಯಬಹುದು, ಮುಂದೆ ಬರೆಯದಂತೆಯೂ ಮಾಡಬಹುದು. ಅಭ್ಯಾಸಕ್ಕೆ ಒಳ್ಳೆಯ ಪ್ರಾಕ್ಟೀಸ್ ಟೆಸ್ಟ್‌ಗಳು ನ್ಯಾಯವಾಗಿಯೇ ಸಿಗುತ್ತವೆ. ಉತ್ತರ ಯಾಕೆ ಸರಿ, ಉಳಿದವು ಯಾಕೆ ತಪ್ಪು ಅಂತ ವಿವರಿಸುವಂಥದ್ದನ್ನು ಆರಿಸಿ.

ಫೇಲಾದರೆ ಮತ್ತೆ ಬರೆಯಲು ಐದು ದಿನ ಕಾಯಬೇಕು, ಮತ್ತೆ ಪೂರ್ತಿ ಶುಲ್ಕ ಕಟ್ಟಬೇಕು. ಅವಸರ ಮಾಡಬೇಡಿ. ಫಲಿತಾಂಶದಲ್ಲಿ ಯಾವ ಭಾಗದಲ್ಲಿ ಎಷ್ಟು ಅಂತ ಕಾಣಿಸುತ್ತದೆ. ಅದನ್ನು ಗೋಡೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ನಾನು ಎರಡು ತಿಂಗಳು ಬಿಟ್ಟು ಬರೆದೆ.

ಕೊನೆಯ ವಾರ ಮತ್ತು ಆ ದಿನ

ಕೊನೆಯ ವಾರ ಹೊಸದೇನೂ ಓದಬೇಡಿ. ಲ್ಯಾಬ್ ಎರಡು ಸಲ ಕಟ್ಟಿ, ತಪ್ಪಾದ ಪ್ರಶ್ನೆಗಳನ್ನು ನೋಡಿ. ನೈಟ್ ಶಿಫ್ಟ್ ಇರುವವರು ಆ ವಾರ ಯಾರ ಜೊತೆಗಾದರೂ ಶಿಫ್ಟ್ ಬದಲಿಸಿಕೊಳ್ಳಿ. ರಾತ್ರಿ ಎಚ್ಚರ ಇದ್ದು ಬೆಳಿಗ್ಗೆ ಬರೆಯಲು ಹೋದ ಸಹೋದ್ಯೋಗಿಯೊಬ್ಬರು ಎರಡನೇ ಗಂಟೆಯಲ್ಲಿ ಪರದೆ ಎದುರು ತೂಕಡಿಸಿದರು.

ಕೇಂದ್ರಕ್ಕೆ ಅರ್ಧ ಗಂಟೆ ಮೊದಲೇ ತಲುಪಿ. ಫೋನು, ವಾಚು, ಪರ್ಸು ಎಲ್ಲ ಲಾಕರ್‌ಗೆ. ಸಮಯ ಶುರುವಾದ ಮೇಲೆ ಕೊಟ್ಟ ಹಾಳೆಯಲ್ಲಿ ಸಬ್‌ನೆಟ್‌ನ ಹೆಜ್ಜೆಗಳನ್ನು ಬರೆದುಕೊಳ್ಳಿ, ಒಂದು ನಿಮಿಷ ಹೋದರೆ ಹೋಗಲಿ.

ಮುಖ್ಯವಾದ ಮಾತು: ಒಂದು ಪ್ರಶ್ನೆ ದಾಟಿದರೆ ಹಿಂದೆ ಹೋಗಲು ಆಗುವುದಿಲ್ಲ. ಶಾಲೆಯಲ್ಲಿ ಕಲಿತ "ಗೊತ್ತಿಲ್ಲದ್ದು ಬಿಟ್ಟು ಮುಂದೆ ಹೋಗಿ, ಆಮೇಲೆ ಬನ್ನಿ" ಇಲ್ಲಿ ನಡೆಯುವುದಿಲ್ಲ. ಗೊತ್ತಿಲ್ಲದಿದ್ದರೆ ಎರಡು ತಪ್ಪು ಉತ್ತರ ಹೊಡೆದುಹಾಕಿ, ಉಳಿದದ್ದರಲ್ಲಿ ಒಂದನ್ನು ಆರಿಸಿ ಮುಂದೆ ನಡೆಯಿರಿ. ಒಂದೇ ಪ್ರಶ್ನೆಯ ಮೇಲೆ ಐದು ನಿಮಿಷ ಕೂತರೆ ಕೊನೆಯ ಸುಲಭದ ಪ್ರಶ್ನೆಗಳು ಕೈ ತಪ್ಪುತ್ತವೆ. ಲ್ಯಾಬ್ ಪ್ರಶ್ನೆಯಲ್ಲಿ ಸೂಚನೆಯನ್ನು ಎರಡು ಸಲ ಓದಿ. ಕಾನ್ಫಿಗರೇಷನ್ ಸೇವ್ ಮಾಡಿ ಅಂದಿದ್ದರೆ ಮಾಡಿಯೇ ಮುಂದೆ ಹೋಗಿ. ಎಲ್ಲ ಸರಿಯಾಗಿ ಹಾಕಿ ಇದನ್ನೇ ಮರೆತು ಬಂದೆ ಅಂತ ತಲೆ ಚಚ್ಚಿಕೊಂಡವರನ್ನು ಕಂಡಿದ್ದೇನೆ.

ಪಾಸಾದರೆ ಸರ್ಟಿಫಿಕೇಟ್ ಮೂರು ವರ್ಷ ಬಾಳುತ್ತದೆ. ಆಮೇಲೂ ಉಳಿಸಿಕೊಳ್ಳಲು ಅವಧಿ ಮುಗಿಯುವ ಮೊದಲೇ ಮತ್ತೆ ಬರೆಯಬೇಕು, ಇಲ್ಲವೇ ಮೇಲಿನ ಹಂತದ ಒಂದು ಪರೀಕ್ಷೆ ಪಾಸಾಗಬೇಕು, ಇಲ್ಲವೇ ಸಿಸ್ಕೋ ಒಪ್ಪುವ ತರಬೇತಿಗಳಿಂದ 30 ಕ್ರೆಡಿಟ್ ಗಳಿಸಬೇಕು. ಅವಧಿ ಮುಗಿದರೆ ಸುಮ್ನೆ ಮತ್ತೆ ಮೊದಲಿನಿಂದ. ಪಾಸಾದ ದಿನವೇ ಫೋನ್‌ನಲ್ಲಿ ಎರಡೂವರೆ ವರ್ಷದ ಮುಂದಿನ ತಾರೀಕಿಗೆ ರಿಮೈಂಡರ್ ಹಾಕಿಡಿ. ನಾನು ಹಾಕಿರಲಿಲ್ಲ. ನೆನಪಾದಾಗ 19 ದಿನ ಉಳಿದಿತ್ತು, ಮತ್ತೆ ಅದೇ ಸ್ಲೋ ಲೋಕಲ್, ಮತ್ತೆ ಅದೇ ಜಾಹೀರಾತಿನ ಫೋನ್ ನಂಬರ್.